ಗಟ್ಟಿ ಉಕ್ಕಿನ ಚಾಕುವಿಗೆ ಯಾವ ಡೈಮಂಡ್ ಕಲ್ಲು?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಚಾಕು ಮಸೆಯುವುದರ ಬಗ್ಗೆಯೇ ಇದ್ದವು. ಹಾಸನ, ಚಿಕ್ಕಮಗಳೂರು ಕಡೆಯ ತೋಟದವರು ಮತ್ತು ಅಡುಗೆ ಮನೆಯವರು ಇಬ್ಬರೂ ಕೇಳಿದ್ದಾರೆ. ಹಾಗಾಗಿ ಪೂರ್ತಿ ಅಂಕಣವನ್ನು ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮಗಳು ಜಪಾನಿನ ಅಡುಗೆ ಚಾಕು ತಂದುಕೊಟ್ಟಿದ್ದಾಳೆ. ಅಲಗಿನ ಮೇಲೆ ವಿಜಿ-10 ಅಂತ ಇದೆ, ಡಬ್ಬದ ಮೇಲೆ 60-61 ಎಚ್‌ಆರ್‌ಸಿ ಅಂತ ಬರೆದಿದೆ. ಮೊದಲು ಚೆನ್ನಾಗಿತ್ತು, ಈಗ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಮನೆಯ ಹಳೇ ಕಪ್ಪು ಮಸೆಗಲ್ಲಿನ ಮೇಲೆ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ. ಡೈಮಂಡ್ ಕಲ್ಲೇ ಬೇಕು ಅನ್ನುತ್ತಾರೆ. ನೋಡಿದರೆ ಕೆಲವು ನೂರು ರೂಪಾಯಿಯಿಂದ ಹಿಡಿದು ಸಾವಿರಾರು ರೂಪಾಯಿವರೆಗೆ ಇವೆ. ಯಾವುದು ತೆಗೆದುಕೊಳ್ಳಲಿ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಕಲ್ಲು ಕೊಳ್ಳುವ ಮುಂಚೆ ಒಂದು ಮಾತು ತಿಳಿದುಕೊಳ್ಳಿ. ನಿಮ್ಮ ಹಳೇ ಕಲ್ಲು ಚಾಕುವಿಗಿಂತ ಮೆತ್ತಗಿದೆ ಅಂತ ಅದು ಕೆಲಸ ಮಾಡುತ್ತಿಲ್ಲ ಎಂದಲ್ಲ. ಆ ಕಪ್ಪು ಕಲ್ಲು ಬಹುಶಃ ಕಾರ್ಬೊರಂಡಮ್, ಅಂದರೆ ಸಿಲಿಕಾನ್ ಕಾರ್ಬೈಡ್. ಗಡಸುತನ ಅಳೆಯುವ ವಿಕರ್ಸ್ ಅಳತೆಯಲ್ಲಿ ಅದು ಸುಮಾರು 2500. ನಿಮ್ಮ ಡಬ್ಬದ ಮೇಲಿನ ಎಚ್‌ಆರ್‌ಸಿ ಅಂದರೆ ಉಕ್ಕಿನ ಗಡಸುತನ ಹೇಳುವ ರಾಕ್‌ವೆಲ್ ಅಳತೆ. 60 ಎಚ್‌ಆರ್‌ಸಿ ಉಕ್ಕು ವಿಕರ್ಸ್‌ನಲ್ಲಿ ಬರೀ 700ರ ಹತ್ತಿರ. ಕಲ್ಲೇ ಎಷ್ಟೋ ಪಾಲು ಗಟ್ಟಿ. ಆದರೆ ವರ್ಷಗಟ್ಟಲೆ ಎಣ್ಣೆ, ಕಬ್ಬಿಣದ ಪುಡಿ ಕೂತು ಅದರ ಮುಖ ಗಾಜಿನ ಹಾಗೆ ನುಣ್ಣಗಾಗಿರುತ್ತದೆ, ನಡುವೆ ಗುಳಿ ಬಿದ್ದಿರುತ್ತದೆ. ಗುಳಿ ಬಿದ್ದ ಕಲ್ಲಿನ ಮೇಲೆ ಕೋನ ಒಂದೇ ಥರ ನಿಲ್ಲುವುದೇ ಇಲ್ಲ.

ಇನ್ನೊಂದು ಸಾಧ್ಯತೆಯೂ ಇದೆ, ನನ್ನ ಪ್ರಕಾರ ಇದೇ ಜಾಸ್ತಿ. ನೀವು ಉಜ್ಜುತ್ತಿರುವುದು ಬಾಯಿಯನ್ನಲ್ಲ, ಅದರ ಮೇಲಿನ ಭುಜವನ್ನು. ಮಕ್ಕಳ ಮಾರ್ಕರ್ ಪೆನ್ನಿನಿಂದ ಅಲಗಿನ ಅಂಚಿಗೆ ಉದ್ದಕ್ಕೂ ಬಣ್ಣ ಹಚ್ಚಿ, ನಾಲ್ಕು ಸಲ ಮಸೆದು ನೋಡಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋಗಿ ಅಂಚಿನಲ್ಲಿ ಹಾಗೇ ಉಳಿದಿದ್ದರೆ ಯಾವ ಕಲ್ಲು ತಂದರೂ ಚಾಕು ಹರಿತವಾಗುವುದಿಲ್ಲ. ಆಗ ಬೆನ್ನನ್ನು ಸ್ವಲ್ಪ ಮೇಲೆತ್ತಬೇಕು. ಇಂಥ ಚಾಕುಗಳಿಗೆ ಒಂದೊಂದು ಬದಿಗೆ ಸುಮಾರು 15 ಡಿಗ್ರಿ ಇರುತ್ತದೆ. ಅಲಗು 45 ಮಿಲಿಮೀಟರ್ ಅಗಲ ಇದ್ದರೆ ಬೆನ್ನು ಕಲ್ಲಿನಿಂದ 11-12 ಮಿಲಿಮೀಟರ್ ಎತ್ತರದಲ್ಲಿರಬೇಕು. ಸ್ಕೇಲ್ ಇಟ್ಟು ಒಂದು ಸಲ ನೋಡಿಕೊಂಡರೆ ಕೈಗೆ ಅಂದಾಜು ಸಿಗುತ್ತದೆ.

ಈಗ ಡೈಮಂಡ್ ವಿಷಯ. ನಿಮ್ಮ ಚಾಕುವಿನ ಉಕ್ಕು ವಿಜಿ-10. ಅದಕ್ಕೆ ಡೈಮಂಡ್ ಇಲ್ಲದೆ ಆಗುವುದೇ ಇಲ್ಲ ಅನ್ನುವುದು ಸರಿಯಲ್ಲ. ಅದರಲ್ಲಿ ಸುಮಾರು 1 ಶೇಕಡಾ ಇಂಗಾಲ, 15 ಶೇಕಡಾ ಕ್ರೋಮಿಯಂ ಇದೆ, ಮಸೆಯುವುದನ್ನು ಕಷ್ಟ ಮಾಡುವ ವನೇಡಿಯಂ ತುಂಬಾ ಕಡಿಮೆ. ಒಳ್ಳೆಯ ಜಪಾನೀ ನೀರುಗಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಇದನ್ನು ಚೆನ್ನಾಗಿಯೇ ಮಸೆಯುತ್ತದೆ. ಆದರೂ ನಿಮಗೆ ನಾನು ಡೈಮಂಡ್ ಪ್ಲೇಟನ್ನೇ (ಲೋಹದ ಹಲಗೆಗೆ ನಿಕಲ್ ಲೇಪನದಿಂದ ವಜ್ರದ ಹರಳು ಕೂರಿಸಿದ್ದು) ಹೇಳುತ್ತೇನೆ. ನೀರುಗಲ್ಲು ಸವೆಯುತ್ತದೆ, ಆಗಾಗ ಮಟ್ಟ ಮಾಡಬೇಕು, ಕೆಲವನ್ನು ನೆನೆಹಾಕಬೇಕು. ಇದನ್ನೆಲ್ಲ ಇಷ್ಟಪಟ್ಟು ಮಾಡುವವರು ಇದ್ದಾರೆ. ಎರಡು ತಿಂಗಳಿಗೊಮ್ಮೆ ಹತ್ತು ನಿಮಿಷ ಕೂತು ಕೆಲಸ ಮುಗಿಸಬೇಕು ಅನ್ನುವವರಿಗೆ ಡೈಮಂಡ್ ಪ್ಲೇಟ್ ಅನುಕೂಲ. ಬೇಗ ಕಡಿಯುತ್ತದೆ, ಮಟ್ಟ ಹಾಗೇ ಉಳಿಯುತ್ತದೆ, ನಾಲ್ಕು ಹನಿ ನೀರು ಸಾಕು.

ಯಾವ ನಂಬರ್? ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುವುದು. ಡಬ್ಬದ ಮೇಲಿನ 400, 600, 1000 ಇವೆಲ್ಲ ಒಂದೇ ಅಳತೆಪಟ್ಟಿಯ ನಂಬರ್‌ಗಳಲ್ಲ. ಅಮೆರಿಕದ್ದು ಬೇರೆ, ಜಪಾನಿನದು ಬೇರೆ, ಕೆಲವರು ಬರೆಯುವುದಕ್ಕೆ ಅಳತೆಯೇ ಇರುವುದಿಲ್ಲ. ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಎಷ್ಟು ಅಂತ ನೋಡಿ. ಹರಳಿನ ನಿಜವಾದ ಗಾತ್ರ ಹೇಳುವುದು ಅದೇ. ಅಮೆರಿಕದ ಡಿಎಂಟಿ ಕಂಪನಿಯವರು ಇದನ್ನು ಸ್ಪಷ್ಟವಾಗಿ ಕೊಡುತ್ತಾರೆ: ನೀಲಿ ಬಣ್ಣದ ಕೋರ್ಸ್ 45 ಮೈಕ್ರಾನ್, ಕೆಂಪು ಫೈನ್ 25, ಹಸಿರು ಎಕ್ಸ್‌ಟ್ರಾ ಫೈನ್ 9. ಜಪಾನಿನ ಅಟೋಮಾ 140, 400, 600, 1200 ನಂಬರ್‌ಗಳಲ್ಲಿ ಸಿಗುತ್ತದೆ, ಅದೂ ಒಳ್ಳೆಯ ಪ್ಲೇಟ್.

ನಿಮಗೆ ಸದ್ಯಕ್ಕೆ ಒಂದೇ ಸಾಕು, 25 ಮೈಕ್ರಾನ್ ಆಸುಪಾಸಿನದು. ಬಾಯಿ ಮುಕ್ಕಾಗಿಲ್ಲ ಅಂದರೆ ಅದಕ್ಕಿಂತ ದೊರಗು ಬೇಡ. ಅದರ ಮೇಲೆ ಮಸೆದು, ಕೊನೆಗೆ ಒಂದು ಚರ್ಮದ ಪಟ್ಟಿಯ ಮೇಲೆ ಎಳೆದರೆ ಟೊಮೆಟೊಗೆ ಹೇಳಿ ಮಾಡಿಸಿದ ಬಾಯಿ ಬರುತ್ತದೆ. ಕನ್ನಡಿಯ ಥರ ಹೊಳೆಯುವ ಅಂಚಿಗಿಂತ ಸ್ವಲ್ಪ ಹಲ್ಲು ಉಳಿದ ಅಂಚೇ ತರಕಾರಿ ಸಿಪ್ಪೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಆಸಕ್ತಿ ಬಂದರೆ 9 ಮೈಕ್ರಾನಿನದು ಸೇರಿಸಿಕೊಳ್ಳಿ. ಉದ್ದ 200 ಮಿಲಿಮೀಟರ್, ಅಗಲ 70ರ ಹತ್ತಿರ ಇರಲಿ. ಬೆರಳುದ್ದದ ಸಣ್ಣ ಕಲ್ಲಿನ ಮೇಲೆ ಅಡುಗೆ ಚಾಕು ಮಸೆಯುವುದು ಬರೀ ಕಷ್ಟ.

ಅಗ್ಗದ ನಾಲ್ಕು ಕಲ್ಲಿನ ಸೆಟ್ ಬೇಡ, ಅದಕ್ಕೂ ಕಾರಣ ಇದೆ. ತೆಳು ತಗಡು ಬಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಹರಳುಗಳನ್ನು ಸರಿಯಾಗಿ ಜರಡಿ ಹಿಡಿದಿರುವುದಿಲ್ಲ. ನುಣ್ಣನೆಯ ಹರಳುಗಳ ನಡುವೆ ಒಂದೇ ಒಂದು ದಪ್ಪ ಹರಳು ಇದ್ದರೂ ಸಾಕು, ಪ್ರತಿ ಸಲ ಅಲಗಿನ ಮೇಲೆ ಆಳವಾದ ಗೀರು ಎಳೆಯುತ್ತಲೇ ಇರುತ್ತದೆ. ನಾಲ್ಕರ ದುಡ್ಡನ್ನು ಒಂದಕ್ಕೇ ಹಾಕಿ.

ಪ್ರಶ್ನೆ: ನನ್ನ ಹತ್ತಿರ ಎಸ್90ವಿ ಉಕ್ಕಿನ ಮಡಚುವ ಚಾಕು ಇದೆ. ನೀರುಗಲ್ಲಿನಲ್ಲಿ ಮಸೆದರೆ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ. ಕಲ್ಲಿನ ತಪ್ಪೋ, ಕೈಯದೋ?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಈ ಸಲ ಕಲ್ಲಿನದೇ. ಡೈಮಂಡ್ ನಿಜವಾಗಿ ಬೇಕಾಗುವುದು ನಿಮ್ಮಂಥ ಚಾಕುವಿಗೆ.

ಎಸ್90ವಿಯಲ್ಲಿ ಸುಮಾರು 9 ಶೇಕಡಾ ವನೇಡಿಯಂ ಇದೆ. ಅದು ಇಂಗಾಲದ ಜೊತೆ ಸೇರಿ ವನೇಡಿಯಂ ಕಾರ್ಬೈಡ್ ಅನ್ನುವ ಪುಟ್ಟ ಪುಟ್ಟ ಗಟ್ಟಿ ಕಣಗಳಾಗುತ್ತದೆ. ಅವುಗಳ ಗಡಸುತನ ವಿಕರ್ಸ್‌ನಲ್ಲಿ 2800ರ ಆಸುಪಾಸು. ಸಾಮಾನ್ಯ ನೀರುಗಲ್ಲುಗಳಲ್ಲಿ ಇರುವುದು ಅಲ್ಯೂಮಿನಿಯಂ ಆಕ್ಸೈಡ್, ಅದು 2000ದ ಹತ್ತಿರ. ಅಂದರೆ ಕಲ್ಲಿನ ಹರಳು ಸುತ್ತಲಿನ ಉಕ್ಕನ್ನು ಸವೆಸುತ್ತದೆ, ಕಾರ್ಬೈಡ್ ಕಣವನ್ನು ಕತ್ತರಿಸಲಾರದು. ದೊರಗು ಕಲ್ಲಿನಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ, ಯಾಕೆಂದರೆ ಹರಳು ದೊಡ್ಡದು, ಕಣಗಳನ್ನು ಸುತ್ತಲಿನ ಉಕ್ಕಿನ ಸಮೇತ ಅಗೆದುಕೊಂಡು ಹೋಗುತ್ತದೆ. ನುಣ್ಣನೆಯ ಕಲ್ಲಿಗೆ ಬಂದಾಗ, ಹರಳೂ ಕಾರ್ಬೈಡ್ ಕಣವೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬಂದಾಗ, ತೊಂದರೆ ಶುರುವಾಗುತ್ತದೆ. ಉಕ್ಕು ಹೊಳೆಯುತ್ತದೆ, ಅಂಚು ಮಾತ್ರ ಮೊಂಡಾಗಿಯೇ ಇರುತ್ತದೆ. ನೀವು ಬರೆದಿರುವುದು ಸರಿಯಾಗಿ ಇದನ್ನೇ.

ವಜ್ರದ ಗಡಸುತನ ಇದಕ್ಕೆಲ್ಲ ಎಷ್ಟೋ ಪಟ್ಟು ಮೇಲೆ. ಉಕ್ಕು, ಕಾರ್ಬೈಡ್ ಎರಡನ್ನೂ ಒಂದೇ ಸಮ ಕತ್ತರಿಸುತ್ತದೆ. ಕ್ಯೂಬಿಕ್ ಬೋರಾನ್ ನೈಟ್ರೈಡ್ ಅನ್ನುವ ಇನ್ನೊಂದು ವಸ್ತುವೂ ಈ ಕೆಲಸ ಮಾಡುತ್ತದೆ. ಗಡಸುತನದಲ್ಲಿ ವಜ್ರದ ನಂತರ ಅದೇ ಬರುತ್ತದೆ.

ನಿಮಗೆ 45 ಮೈಕ್ರಾನ್, 25 ಮೈಕ್ರಾನ್, 9 ಮೈಕ್ರಾನ್ ಹೀಗೆ ಮೂರು ಹಂತ ಇದ್ದರೆ ಒಳ್ಳೆಯದು. ದುಡ್ಡು ಹಾಕುವ ಮನಸ್ಸಿದ್ದರೆ ನುಣ್ಣನೆಯ ಹಂತಕ್ಕೆ ನಿಕಲ್ ಲೇಪನದ ಪ್ಲೇಟ್ ಬದಲು ರೆಸಿನ್‌ನಲ್ಲಿ ವಜ್ರದ ಪುಡಿ ಬೆರೆಸಿದ ಕಲ್ಲು ತೆಗೆದುಕೊಳ್ಳಿ. ಪ್ಲೇಟಿನಲ್ಲಿ ಹರಳಿನ ಒಂದೇ ಪದರ ಇರುತ್ತದೆ, ಹರಳಿನ ಮೂಗು ಮೇಲೆ ಚಾಚಿಕೊಂಡಿರುತ್ತದೆ, ಗೀರು ಆಳ. ರೆಸಿನ್ ಕಲ್ಲಿನಲ್ಲಿ ಪದರದ ದಪ್ಪ ಪೂರ್ತಿ ಹರಳು ಇರುತ್ತದೆ, ಸವೆದ ಹಾಗೆ ಹೊಸದು ಬರುತ್ತದೆ, ಗೀರು ಸಮನಾಗಿ ಬೀಳುತ್ತದೆ. ಬೆಲೆ ಜಾಸ್ತಿ, ಆಗಾಗ ಮೇಲಿನ ರೆಸಿನ್ ಉಜ್ಜಿ ಹೊಸ ಹರಳನ್ನು ಹೊರಗೆ ತರುವ ಕೆಲಸವೂ ಇದೆ. ಇಂಥ ಉಕ್ಕನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಅದು ಸಾರ್ಥಕ.

ಚರ್ಮದ ಪಟ್ಟಿಗೂ ಹಸಿರು ಕ್ರೋಮಿಯಂ ಆಕ್ಸೈಡ್ ಮೇಣದ ಬದಲು 1 ಮೈಕ್ರಾನ್ ಡೈಮಂಡ್ ಪೇಸ್ಟ್ ಹಚ್ಚಿ. ಕಲ್ಲು ಬದಲಾಯಿಸಿ ಪಟ್ಟಿಗೆ ಹಳೇದನ್ನೇ ಹಚ್ಚಿದರೆ ಕೊನೆಯ ಹಂತದಲ್ಲಿ ಮತ್ತೆ ಅದೇ ಕತೆ.

ಪ್ರಶ್ನೆ: ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ ಶುರುವಾದರೆ ತೋಟದಲ್ಲಿ ಕತ್ತಿಗಳನ್ನು ದಿನಾ ಮಸೆಯಬೇಕು. ಡೈಮಂಡ್ ಪ್ಲೇಟ್ ತಂದುಬಿಟ್ಟರೆ ಕೆಲಸ ಬೇಗ ಆಗುತ್ತದಾ? ಕಸಿ ಚಾಕು, ಕಪಾತು (ರೆಂಬೆ ಸವರುವ) ಕತ್ತರಿಗೆ?
— ಮೂಡಿಗೆರೆ

ಉತ್ತರ: ಕತ್ತಿಗೆ ಬೇಡ. ಕುಲುಮೆಯಲ್ಲಿ ಲಾರಿ ಪಾಟಾದಿಂದ (ಸ್ಪ್ರಿಂಗ್ ಪಟ್ಟಿ) ಬಡಿದು ಮಾಡಿದ ಕತ್ತಿಯ ಉಕ್ಕು ಪೆಟ್ಟು ತಡೆಯಬೇಕು. ಮರಕ್ಕೆ ಬೀಸಿದಾಗ ಮುರಿಯಬಾರದು ಅಂತಲೇ ಅದನ್ನು ಅಷ್ಟು ಗಟ್ಟಿ ಮಾಡಿರುವುದಿಲ್ಲ. ಮೆತ್ತನೆ ಉಕ್ಕು ಡೈಮಂಡ್ ಪ್ಲೇಟಿನ ಹರಳುಗಳ ನಡುವೆ ತುಂಬಿಕೊಳ್ಳುತ್ತದೆ. ಮೇಲಾಗಿ ಕೆಲಸದ ಗಡಿಬಿಡಿಯಲ್ಲಿ ಯಾರೂ ಮೆತ್ತಗೆ ಮಸೆಯುವುದಿಲ್ಲ, ಒತ್ತಿ ಉಜ್ಜುತ್ತಾರೆ, ಹರಳು ಕಿತ್ತು ಬರುತ್ತದೆ. ಕತ್ತಿಗೆ ಒಂದು ಒಳ್ಳೆಯ ಅರ, ಮೇಲೆ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಾಕು.

ಯಾವ ಉಪಕರಣಕ್ಕೆ ಡೈಮಂಡ್ ಬೇಕು ಅಂತ ತಿಳಿಯಲು ಅರವೇ ಒಂದು ಪರೀಕ್ಷೆ. ಒಳ್ಳೆಯ ಅರದ ಗಡಸುತನ 60 ಎಚ್‌ಆರ್‌ಸಿ ದಾಟಿರುತ್ತದೆ. ಅಲಗಿನ ಮೂಲೆಯಲ್ಲಿ, ಕಾಣದ ಜಾಗದಲ್ಲಿ ಅರ ಒಮ್ಮೆ ತಾಗಿಸಿ ನೋಡಿ. ಕಚ್ಚಿ ಪುಡಿ ಬಂದರೆ ಆ ಉಕ್ಕಿಗೆ ಅರ, ಸಾಮಾನ್ಯ ಕಲ್ಲು ಸಾಕು. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಟ್ಟಿ ಉಕ್ಕು, ಡೈಮಂಡ್ ಕಡೆ ನೋಡಿ.

ಕಸಿ ಚಾಕು ಮತ್ತು ಕಪಾತು ಕತ್ತರಿಯ ವಿಷಯ ಬೇರೆ. ಬೆಣ್ಣೆಹಣ್ಣಿಗೋ ಮೆಣಸಿಗೋ ಕಸಿ ಕಟ್ಟುವಾಗ ಎರಡು ಕಡೆಯ ಕತ್ತರಿಕೆ ಒಂದಕ್ಕೊಂದು ಪೂರ್ತಿ ಕೂರಬೇಕು. ಹರಿದ ಹಾಗೆ ಕೊಯ್ದ ಕಡ್ಡಿ ಹಿಡಿಯುವುದು ಕಷ್ಟ. ಇದಕ್ಕೆ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಚಪ್ಪಟೆ ಸಣ್ಣ ಡೈಮಂಡ್ ಪ್ಲೇಟ್ ಬಹಳ ಉಪಯೋಗ. 25 ಮೈಕ್ರಾನ್ ಒಂದು ಮುಖ, 9 ಇನ್ನೊಂದು ಮುಖ ಇದ್ದರೆ ಸೊಗಸು. ಕತ್ತರಿಗೆ ಇಳಿಜಾರು ಇರುವ ಬದಿಯನ್ನು ಮಾತ್ರ ಮಸೆಯಿರಿ. ಚಪ್ಪಟೆ ಬದಿಗೆ ಕಲ್ಲನ್ನು ಪೂರ್ತಿ ಮಲಗಿಸಿ ಒಂದೆರಡು ಸಲ ಸವರಿದರೆ ಸಾಕು, ಅಲ್ಲಿ ಕೋನ ಕೊಟ್ಟರೆ ಎರಡು ಅಲಗಿನ ನಡುವೆ ಸಂದು ಬಂದು ಕಡ್ಡಿ ಸಿಕ್ಕಿಕೊಳ್ಳುತ್ತದೆ. ಒಂದೇ ಬದಿಗೆ ಇಳಿಜಾರು ಇರುವ ಕಸಿ ಚಾಕುವಿಗೂ ಇದೇ ಕ್ರಮ.

ಪ್ರಶ್ನೆ: ಒಳ್ಳೇ ಕಂಪನಿಯ ಡೈಮಂಡ್ ಪ್ಲೇಟ್ ತಂದೆ. ಮೊದಮೊದಲು ಅರದ ಹಾಗೆ ಕಡಿಯುತ್ತಿತ್ತು. ಈಗ ಕೈಯಲ್ಲಿ ಮುಟ್ಟಿದರೆ ನುಣ್ಣಗಿದೆ. ಇಷ್ಟು ಬೇಗ ಹಾಳಾಯಿತಾ?
— ಹಾಸನ

ಉತ್ತರ: ಹಾಳಾಗಿರಲಿಕ್ಕಿಲ್ಲ. ಹೊಸ ಪ್ಲೇಟಿನಲ್ಲಿ ಎತ್ತರಕ್ಕೆ ಚಾಚಿಕೊಂಡ ಹರಳುಗಳು, ಸರಿಯಾಗಿ ಅಂಟಿಲ್ಲದ ಹರಳುಗಳು ಒಂದಿಷ್ಟು ಇರುತ್ತವೆ. ಮೊದಲ ಕೆಲವು ಚಾಕುಗಳಲ್ಲಿ ಅವು ಮುರಿದು, ಉದುರಿ ಹೋಗುತ್ತವೆ. ಆಮೇಲೆ ಸಿಗುವುದೇ ಅದರ ನಿಜವಾದ ನಂಬರ್. ಆದ್ದರಿಂದ ಹೊಸ ಪ್ಲೇಟಿನ ಮೇಲೆ ಮೊದಲು ಯಾವುದಾದರೂ ಹಳೇ ಉಳಿ, ಹಳೇ ಚಾಕು ಮಸೆಯುವುದು ಒಳ್ಳೆಯದು. ಇಷ್ಟದ ಚಾಕುವನ್ನು ಮೊದಲ ದಿನವೇ ಹಾಕಬೇಡಿ.

ಎರಡನೆಯ ಕಾರಣ ಉಕ್ಕಿನ ಪುಡಿ ಕೂತು ಪ್ಲೇಟಿನ ಮುಖ ಕಟ್ಟಿಕೊಂಡಿರುವುದು. ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ವೃತ್ತಾಕಾರವಾಗಿ ಉಜ್ಜಿ. ಒಣಗಿದ ಮೇಲೆ ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಸವರಿ, ಕಪ್ಪು ಪುಡಿ ಎದ್ದು ಬರುತ್ತದೆ. ಇಷ್ಟು ಮಾಡಿದ ಮೇಲೆ ಬಹಳಷ್ಟು 'ಸತ್ತ' ಪ್ಲೇಟುಗಳು ಮತ್ತೆ ಕಡಿಯುತ್ತವೆ.

ಮೂರನೆಯದು ಒತ್ತಡ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಕೈಗೆ ಹಳೇ ಕಲ್ಲಿನ ಅಭ್ಯಾಸ. ಕಡಿಯಬೇಕಾದರೆ ಒತ್ತಬೇಕು ಅಂತ ಮೈಗೆ ಹತ್ತಿಬಿಟ್ಟಿದೆ. ಡೈಮಂಡ್ ಪ್ಲೇಟಿನಲ್ಲಿ ಹರಳುಗಳನ್ನು ಹಿಡಿದಿಟ್ಟಿರುವುದು ಕೂದಲಿಗಿಂತ ತೆಳುವಾದ ನಿಕಲ್ ಪದರ ಅಷ್ಟೇ. ಒತ್ತಿ ಉಜ್ಜಿದರೆ ಹರಳು ಬೇರು ಸಮೇತ ಕಿತ್ತು ಬರುತ್ತದೆ, ಅದರ ಕೆಳಗೆ ಇನ್ನೊಂದು ಪದರ ಇಲ್ಲ. ಅಡುಗೆ ಮನೆಯ ತಕ್ಕಡಿ ಇದ್ದರೆ ಅದರ ಮೇಲೆ ಪ್ಲೇಟ್ ಇಟ್ಟು, ಸೊನ್ನೆ ಮಾಡಿ, ಎಂದಿನ ಹಾಗೆ ಮಸೆದು ನೋಡಿ. ಎರಡು-ಮೂರು ಕೆಜಿ ತೋರಿಸಿದರೆ ಆಶ್ಚರ್ಯ ಬೇಡ. ಅದನ್ನು ಅರ್ಧ ಕೆಜಿಗೆ ಇಳಿಸಿ, ಕೊನೆಯ ಕೆಲವು ಎಳೆತಕ್ಕೆ ಬರೀ ಚಾಕುವಿನ ಭಾರ ಸಾಕು. ಬೆರಳು ಜೋಪಾನ.

ಒತ್ತಡ ಕಡಿಮೆ ಮಾಡಿದರೆ ಇನ್ನೊಂದು ಲಾಭ ಇದೆ. ಒಂದು ಬದಿ ಮಸೆದಾಗ ಇನ್ನೊಂದು ಬದಿಗೆ ತೆಳುವಾದ ಉಕ್ಕಿನ ಎಳೆ ಮಡಚಿ ನಿಲ್ಲುತ್ತದೆ, ಅದನ್ನು ಬರ್ ಅನ್ನುತ್ತಾರೆ. ಬರ್ ಬಂದರೆ ಕಲ್ಲು ಅಂಚಿನವರೆಗೆ ತಲುಪಿದೆ ಅಂತ ಅರ್ಥ. ಅದು ಬರುವವರೆಗೆ ಆ ಬದಿ ಬಿಡಬಾರದು, ಬಂದ ಮೇಲೆ ಸುಮ್ನೆ ಉಜ್ಜುತ್ತಾ ಕೂರಲೂ ಬಾರದು. ಡೈಮಂಡ್ ಬೇಗ ಕಡಿಯುವುದರಿಂದ ದೊಡ್ಡ ಬರ್ ಎಬ್ಬಿಸಿಬಿಡುತ್ತದೆ, ತೆಗೆಯುವುದು ಕಷ್ಟವಾಗುತ್ತದೆ. ಮೆತ್ತಗೆ, ಒಂದು ಸಲ ಆ ಬದಿ, ಒಂದು ಸಲ ಈ ಬದಿ ಅಂತ ಬದಲಾಯಿಸುತ್ತಾ ಹೋದರೆ ಅದು ಸಣ್ಣದಾಗುತ್ತಾ ಹೋಗುತ್ತದೆ, ಉಳಿದಿದ್ದನ್ನು ಚರ್ಮದ ಪಟ್ಟಿ ತೆಗೆಯುತ್ತದೆ. ಚಾಕು ಮಸೆದ ದಿನ ಹರಿತವಾಗಿದ್ದು ಮಾರನೇ ದಿನವೇ ಮೊಂಡಾಗುತ್ತದೆ ಅಂತ ಹಲವರು ಬರೆಯುತ್ತಾರಲ್ಲ, ಅದು ಬಹುಪಾಲು ಬರ್ ಉಳಿದದ್ದೇ.

ಕೆಲಸ ಮುಗಿದ ಮೇಲೆ ಪ್ಲೇಟನ್ನು ಒರೆಸಿ ಒಣಗಿಸಿ ಇಡಿ. ಮಳೆಗಾಲದಲ್ಲಿ ನಮ್ಮ ಕಡೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಉಕ್ಕಿನ ತಳ ಅಂಚಿನಿಂದ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಬಳಪದ ಕಲ್ಲು ಬೇಕಾದಷ್ಟಿದೆ. ಅದನ್ನೇ ಮಟ್ಟ ಮಾಡಿ ನುಣ್ಣನೆಯ ಮಸೆಗಲ್ಲು ಮಾಡಿಕೊಳ್ಳಬಹುದಾ? ಅಜ್ಜ ಬಾವಿಕಟ್ಟೆಯ ಕಲ್ಲಿನ ಮೇಲೇ ಮಸೆಯುತ್ತಿದ್ದರು.
— ಬೇಲೂರು

ಉತ್ತರ: ಆಗುವುದಿಲ್ಲ. ಬಳಪದ ಕಲ್ಲಿನಲ್ಲಿ ಇರುವುದು ಮೆತ್ತನೆಯ ಖನಿಜಗಳು, ಅವು ಉಕ್ಕನ್ನು ಕಡಿಯಲಾರವು. ಆ ಮೆತ್ತನೆಯ ಗುಣವೇ 1117ರಲ್ಲಿ ಪ್ರತಿಷ್ಠೆಯಾದ ನಿಮ್ಮ ಚೆನ್ನಕೇಶವ ದೇವಸ್ಥಾನದಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆಗೆ ಅವಕಾಶ ಮಾಡಿಕೊಟ್ಟಿದ್ದು. ಉಳಿ ಕಲ್ಲನ್ನು ಕಡಿದಿದೆ, ಇಲ್ಲಿ ನಿಮಗೆ ಬೇಕಿರುವುದು ಅದರ ತಿರುಗುಮುರುಗು.

ಅಜ್ಜ ಬಳಸಿದ ಬಾವಿಕಟ್ಟೆಯ ಕಲ್ಲು ಕಣಶಿಲೆ (ಗ್ರಾನೈಟ್) ಇರಬೇಕು. ಅದರಲ್ಲಿ ಬೆಣಚು ಇದೆ, ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ನಂಬರ್ ಕೊಡುವ ಮೋಸ್ ಅಳತೆಯಲ್ಲಿ ಅದು 7. ಕುಡುಗೋಲು, ಕತ್ತಿಗೆ ಅದು ನಡೆಯುತ್ತದೆ. 60 ಎಚ್‌ಆರ್‌ಸಿ ದಾಟಿದ ಉಕ್ಕಿಗೆ ಬೆಣಚು ತುಂಬಾ ನಿಧಾನ, ಕಾರ್ಬೈಡ್ ಕಣಗಳಿಗಂತೂ ಏನೂ ಆಗುವುದಿಲ್ಲ.

ಪ್ರಶ್ನೆ: ಮನೆ ಮುಂದೆ ಸಾಣೆ ಹಿಡಿಯುವವರು ಬರುತ್ತಾರೆ. ಗಟ್ಟಿ ಉಕ್ಕಿನ ಚಾಕುವನ್ನು ಅವರಿಗೆ ಕೊಡಬಹುದಾ? ಡೈಮಂಡ್ ಚಕ್ರ ಇದ್ದರೆ?
— ಅರಸೀಕೆರೆ

ಉತ್ತರ: ಈಳಿಗೆ ಮಣೆ, ಕತ್ತರಿ, ಮಾಮೂಲಿ ಚಾಕು ಖಂಡಿತ ಕೊಡಿ. ಅವರ ಕೈಯಲ್ಲಿ ಕೆಲಸ ಇದೆ, ಆ ಕೆಲಸ ಉಳಿಯಲಿ. ಗಟ್ಟಿ ಉಕ್ಕಿನ ತೆಳು ಚಾಕು ಮಾತ್ರ ಬೇಡ. ಇಂಥ ಅಲಗುಗಳನ್ನು ಗಟ್ಟಿ ಮಾಡಿದ ಮೇಲೆ ಸಾಮಾನ್ಯವಾಗಿ 150ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದ ಮಾಡಿರುತ್ತಾರೆ. ನೀರಿಲ್ಲದೆ ತಿರುಗುವ ಚಕ್ರದ ಮೇಲೆ ತೆಳು ಅಂಚು ಆ ಬಿಸಿಯನ್ನು ಕ್ಷಣದಲ್ಲಿ ದಾಟುತ್ತದೆ. ಕಿಡಿ ಹಾರುವುದು ಕಾಣುತ್ತದೆ, ಹದ ಹೋಗುವುದು ಕಾಣುವುದಿಲ್ಲ. ಅಂಚಿನ ಬಣ್ಣ ಬದಲಾಗುವ ಮುಂಚೆಯೇ ಉಕ್ಕು ಮೆತ್ತಗಾಗಿರಬಹುದು.

ಡೈಮಂಡ್ ಚಕ್ರದ ಪ್ರಶ್ನೆ ಚೆನ್ನಾಗಿದೆ. ವಜ್ರ ಅಂದರೆ ಇಂಗಾಲ. ವೇಗದ ಚಕ್ರದಲ್ಲಿ ಉಕ್ಕಿನ ಜೊತೆ ಉಜ್ಜಿ ಬಿಸಿಯಾದಾಗ ಆ ಇಂಗಾಲ ಕಬ್ಬಿಣದಲ್ಲಿ ಕರಗುತ್ತದೆ, ಹರಳು ಬೇಗ ಸವೆದುಹೋಗುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಗಟ್ಟಿ ಉಕ್ಕಿಗೆ ಮೇಲೆ ಹೇಳಿದ ಕ್ಯೂಬಿಕ್ ಬೋರಾನ್ ನೈಟ್ರೈಡ್ ಚಕ್ರ ಹಾಕುತ್ತಾರೆ. ಅದನ್ನು 1957ರಲ್ಲಿ ಮೊದಲು ತಯಾರಿಸಿದ್ದು ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ, 1954ರಲ್ಲಿ ಕೃತಕ ವಜ್ರ ಮಾಡಿದ್ದೂ ಅಲ್ಲೇ. ಇವತ್ತು ಮಸೆಯುವ ಪ್ಲೇಟುಗಳು ಮನೆಗೆ ಎಟಕುವ ಬೆಲೆಗೆ ಬಂದಿರುವುದು ಈ ಕೃತಕ ವಜ್ರದಿಂದ. ಕೈಯಲ್ಲಿ ಮಸೆಯುವಾಗ ಅಷ್ಟು ಬಿಸಿ ಹುಟ್ಟುವುದೇ ಇಲ್ಲ, ಹಾಗಾಗಿ ಆ ಭಯ ಬೇಡ.

ನಡುವೆ ಸಿಕ್ಕಿಸಿ ಎಳೆಯುವ ಪ್ಲಾಸ್ಟಿಕ್ ಹಿಡಿಯ ಸಾಧನವನ್ನೂ ಗಟ್ಟಿ ಉಕ್ಕಿಗೆ ಬಳಸಬೇಡಿ. ಅದು ಅಂಚನ್ನು ಕೆರೆದು ತೆಗೆಯುತ್ತದೆ, ಗಟ್ಟಿ ಉಕ್ಕು ಬಾಗುವ ಬದಲು ಮುಕ್ಕಾಗುತ್ತದೆ.

ಪ್ರಶ್ನೆ: ಅಗ್ಗದ ಡೈಮಂಡ್ ಸೆಟ್ ಆಗಲೇ ತಂದಾಗಿದೆ. ಎಸೆಯಬೇಕಾ?
— ಆಲೂರು

ಉತ್ತರ: ಬೇಡ. ಒಂದು ಉಕ್ಕಿನ ಸ್ಕೇಲನ್ನು ಅಡ್ಡ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ಮಟ್ಟ ನೋಡಿ. ಬಾಗಿದ್ದರೆ ದಪ್ಪ ಗಾಜಿನ ತುಂಡಿಗೋ, ಮಟ್ಟಸವಾದ ಗ್ರಾನೈಟ್ ಟೈಲ್ಸಿಗೋ ಅಂಟಿಸಿ, ಭಾರ ಹೇರಿ ಒಣಗಲು ಬಿಡಿ, ತೆಳು ತಗಡು ಸುಮಾರಾಗಿ ಮಟ್ಟಕ್ಕೆ ಬರುತ್ತದೆ. ದೊರಗಿನದನ್ನು ಹಾರೆ, ಉಳಿ, ತೆಂಗಿನಕಾಯಿ ತುರಿಯುವ ಮಣೆಗೆ ಇಟ್ಟುಕೊಳ್ಳಿ. ನುಣ್ಣನೆಯದನ್ನು ಹಳೇ ಚಾಕುವಿನ ಮೇಲೆ ಪರೀಕ್ಷಿಸಿ, ಭೂತಗನ್ನಡಿಯಲ್ಲಿ ಗೀರು ನೋಡಿ. ಎಲ್ಲ ಗೀರು ಒಂದೇ ಥರ ಇದ್ದರೆ ಧೈರ್ಯವಾಗಿ ಬಳಸಿ. ನಡುನಡುವೆ ಒಂದೊಂದು ಆಳದ ಗೀರು ಕಂಡರೆ ಅದನ್ನು ಒಳ್ಳೆಯ ಚಾಕುವಿನ ಹತ್ತಿರ ತರಬೇಡಿ.